ಬಾಯಿಗೆ ಕಬ್ಬಿಣ ಹಾಕದೆ ಕುದುರೆ ಪಳಗಿಸುವ ಬಗೆ

ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ. ಇದು ನಮಗೆಲ್ಲ ಗೊತ್ತು. ಯಾರನ್ನಾದರೂ ಹದ್ದುಬಸ್ತಿನಲ್ಲಿ ಇಡಬೇಕೆಂದರೂ 'ಕಡಿವಾಣ ಹಾಕಿ' ಎನ್ನುತ್ತೇವೆ. ಕಡಿವಾಣವೆಂದರೆ ಕುದುರೆಯ ಬಾಯೊಳಗೆ, ನಾಲಿಗೆಯ ಮೇಲೆ ಕೂರುವ ಕಬ್ಬಿಣ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಳೆಯ ಕುದುರೆಗೆ ಮೊದಲ ಒಂದೆರಡು ವರ್ಷ ಬಾಯಿಗೆ ಏನನ್ನೂ ಹಾಕದೆ ಸವಾರಿ ಕಲಿಸುವ ಹಳೆಯ ಪದ್ಧತಿಯೊಂದಿದೆ. ನಮ್ಮ ಧರ್ಮಸಭೆಯ ಚರಿತ್ರೆಯನ್ನೂ ಅದು ತಾಗಿ ಹೋಗುವುದರಿಂದ ಓದುಗರಿಗೆ ಪರಿಚಯಿಸುತ್ತಿದ್ದೇವೆ.

ಈ ಪದ್ಧತಿಯಲ್ಲಿ ಬಳಸುವ ತಲೆಗಟ್ಟಿಗೆ ಹ್ಯಾಕಮೋರ್ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯ 'ಹಾಕಿಮಾ' ಎಂಬ ಪದ ಇಂಗ್ಲಿಷರ ಬಾಯಲ್ಲಿ ಹೀಗಾಯಿತು. ಅದರ ಮುಖ್ಯ ಭಾಗ ಬೊಸಾಲ್. ಹದ ಮಾಡದ ತೊಗಲನ್ನು ಸಣ್ಣ ಎಳೆಗಳಾಗಿ ಸೀಳಿ, ಜಡೆಯಂತೆ ಬಿಗಿಯಾಗಿ ಹೆಣೆದ ಬಳೆ ಅದು. ಮೂಗಿನ ಮೇಲಿಂದ ಇಳಿದು ಗದ್ದದ ಕೆಳಗೆ ಒಂದು ದಪ್ಪ ಗಂಟಿನಲ್ಲಿ ಸೇರುತ್ತದೆ. ಮೂಗುದಾರದ ಹಾಗೆ ಮೂಗನ್ನು ಚುಚ್ಚುವುದಿಲ್ಲ. ಲಗಾಮಿನ ಬದಲು ಕುದುರೆಯ ಕೇಸರದ ಕೂದಲಿನಿಂದಲೇ ಹೊಸೆದ, ಸುಮಾರು 22 ಅಡಿ ಉದ್ದದ ಹಗ್ಗವನ್ನು ಆ ಗಂಟಿಗೆ ಸುತ್ತುತ್ತಾರೆ. ಅದಕ್ಕೆ ಮೆಕಾಟೆ ಎನ್ನುತ್ತಾರೆ. ಕುತ್ತಿಗೆಗೆ ತಾಗಿದರೆ ಸ್ವಲ್ಪ ಚುಚ್ಚುತ್ತದೆ. ಹಗ್ಗ ಯಾವ ಕಡೆ ತಾಗಿತೆಂದು ಕುದುರೆಗೆ ತಿಳಿಯಲು ಅಷ್ಟು ಸಾಕು.

ಬೊಸಾಲ್ ಕೂರುವ ಜಾಗ ತಪ್ಪಬಾರದು. ಮೂಗಿನ ಗಟ್ಟಿ ಎಲುಬಿನ ಮೇಲೆಯೇ ಇರಬೇಕು. ಕೆಳಗಿನ ಮೆದು ಎಲುಬಿಗೆ ಇಳಿದರೆ ಕುದುರೆಗೆ ಉಸಿರಾಟವೇ ಕಷ್ಟ.

ಇನ್ನು ಕಲಿಸುವ ರೀತಿ. ಎಡಕ್ಕೆ ತಿರುಗಿಸಬೇಕಾದರೆ ಎಡಗಡೆಯ ಹಗ್ಗವನ್ನು ಪಕ್ಕಕ್ಕೆ ಮೆಲ್ಲಗೆ ಸೆಳೆಯಬೇಕು. ಕುದುರೆ ಮೂಗನ್ನು ಆ ಕಡೆ ಹೊರಳಿಸಿದ ಕ್ಷಣವೇ ಬಿಟ್ಟುಬಿಡಬೇಕು. ಬಿಟ್ಟಾಗ ಗಂಟಿನ ತೂಕಕ್ಕೆ ಬೊಸಾಲ್ ಗದ್ದದಿಂದ ತಾನಾಗಿ ಜಾರಿ ಸಡಿಲವಾಗುತ್ತದೆ. ಆ ಸಡಿಲವೇ ಕುದುರೆಗೆ ಸಿಗುವ ಬಹುಮಾನ. ಎಳೆದದ್ದರಿಂದಲ್ಲ, ಬಿಟ್ಟದ್ದರಿಂದ ಅದು ಕಲಿಯುತ್ತದೆ. ಎರಡೂ ಕಡೆ ಹಗ್ಗ ಹಿಡಿದು ಜಗ್ಗುತ್ತಲೇ ಇರುವುದು ದೊಡ್ಡ ತಪ್ಪು. ನಾನೂರು ಐನೂರು ಕಿಲೋ ತೂಗುವ ಪ್ರಾಣಿಯೊಡನೆ ಹಗ್ಗ ಜಗ್ಗಾಟಕ್ಕೆ ನಿಂತರೆ ಗೆಲ್ಲುವವರು ಯಾರು? ಹೋರಿ ಕರುವನ್ನು ನೊಗಕ್ಕೆ ಪಳಗಿಸಿದ ನಮ್ಮ ಹಿರಿಯರನ್ನು ಕೇಳಿ ನೋಡಿ. ಬಾಯಲ್ಲಿ ಕಬ್ಬಿಣವಿಲ್ಲ, ಆದ್ದರಿಂದ ಇದು ನೋವಿಲ್ಲದ ಸಾಧನ ಎಂದುಕೊಳ್ಳುವುದೂ ಸರಿಯಲ್ಲ. ಒರಟು ಕೈಗೆ ಸಿಕ್ಕರೆ ಮೂಗು, ಗದ್ದ ಎರಡರ ಚರ್ಮವೂ ಸುಲಿದು ಹೋಗುತ್ತದೆ.

ಇಷ್ಟೆಲ್ಲ ತಾಳ್ಮೆ ಏಕೆ? ಕುದುರೆಗೂ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಅದು ಮುಗಿಯುವಾಗ ವಯಸ್ಸು ಸುಮಾರು ಐದು. ನೋಯುವ ಆ ಬಾಯಿಗೆ ಅಲ್ಲಿಯವರೆಗೆ ಕಬ್ಬಿಣ ತಾಗದಿರಲಿ ಎಂಬುದು ಹಳಬರ ಲೆಕ್ಕ.

ಆ ಹಳಬರು ಯಾರೆಂಬುದನ್ನೂ ಹೇಳಬೇಕು. 1769ರಲ್ಲಿ ಫ್ರಾನ್ಸಿಸ್ಕನ್ ಸಭೆಯ ಗುರು ಹುನಿಪೆರೊ ಸೆರ್ರಾ ಅವರು ಸ್ಯಾನ್ ಡಿಯಾಗೊದಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಮಿಷನ್ ಸ್ಥಾಪಿಸಿದರು. 1823ರ ಹೊತ್ತಿಗೆ ಅವು 21 ಆದವು. ಅವುಗಳ ದನದ ಹಿಂಡುಗಳು ಸಾವಿರಗಟ್ಟಲೆ ಬೆಳೆದವು. ಮೂಲನಿವಾಸಿಗಳು ಕುದುರೆ ಹತ್ತಬಾರದೆಂಬುದು ಸ್ಪೇನ್ ಆಡಳಿತದ ಕಟ್ಟಳೆ. ಆದರೆ ಸವಾರರಿಲ್ಲದೆ ಹಿಂಡು ಕಾಯುವುದು ಹೇಗೆ? ಕೊನೆಗೆ ಅವರಿಗೇ ಸವಾರಿ ಕಲಿಸಬೇಕಾಯಿತು. 'ವಕೇರೋ' ಎಂದು ಹೆಸರಾದ ಕ್ಯಾಲಿಫೋರ್ನಿಯಾದ ಮೊದಲ ದನಗಾಹಿಗಳಲ್ಲಿ ಬಹಳ ಮಂದಿ ಮಿಷನ್‌ಗಳ ಆ ಮೂಲನಿವಾಸಿಗಳೇ.

ಇಲ್ಲಿ ನಾವು ಒಂದು ಕಹಿ ಮಾತನ್ನು ಮುಚ್ಚಿಡಲಾರೆವು. ದೀಕ್ಷಾಸ್ನಾನ ಪಡೆದ ಮೂಲನಿವಾಸಿಗಳಿಗೆ ಮಿಷನ್ ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟೂ ಬೀಳುತ್ತಿತ್ತು. ರೋಗಗಳಿಗೆ ಬಲಿಯಾದವರು ಸಾವಿರಾರು. 2015ರಲ್ಲಿ ವಾಷಿಂಗ್ಟನ್‌ನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಸೆರ್ರಾ ಅವರನ್ನು ಸಂತರೆಂದು ಘೋಷಿಸಿದಾಗ ಆ ಜನರ ವಂಶಸ್ಥರಲ್ಲಿ ಅನೇಕರು ಪ್ರತಿಭಟಿಸಿದರು. ಅವರ ನೋವನ್ನು ಸುಳ್ಳೆನ್ನುವ ಹಕ್ಕು ನಮಗಿಲ್ಲ. 1834ರಿಂದ ಮೆಕ್ಸಿಕೊ ಸರ್ಕಾರ ಮಿಷನ್‌ಗಳ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡಾಗಲೂ ಹೆಚ್ಚಿನ ಭೂಮಿ ಉಳ್ಳವರ ಪಾಲಾಯಿತು. ಸವಾರರು ಅಲ್ಲಿಯೇ ಕೂಲಿಗೆ ನಿಂತರು. ವಿದ್ಯೆ ಮಾತ್ರ ಕೈಯಿಂದ ಕೈಗೆ ಇಳಿದು ಬಂತು. 1952ರಲ್ಲಿ ಎಡ್ ಕಾನೆಲ್ ಎಂಬ ಸವಾರ ಅದನ್ನು 'ಹ್ಯಾಕಮೋರ್ ರೀನ್ಸ್‌ಮನ್' ಎಂಬ ಪುಸ್ತಕವಾಗಿ ಬರೆದಿಟ್ಟರು.

ಕಲಿಕೆ ಮುಂದುವರಿದಂತೆ ಬೊಸಾಲ್ ತೆಳ್ಳಗಾಗುತ್ತ ಹೋಗುತ್ತದೆ. ಆಮೇಲೆ ಬಾಯಿಗೆ ಕಡಿವಾಣ ಬರುತ್ತದೆ, ಆದರೆ ಕೆಲಸ ಇನ್ನೂ ಬೊಸಾಲಿನದೇ. ಒಂದು ವರ್ಷವೋ ಹೆಚ್ಚೋ ಎರಡು ಜೊತೆ ಹಗ್ಗ ಹಿಡಿದು, ಭಾರವನ್ನು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಪೂರ್ತಿ ಪಳಗಲು ಐದಾರು ವರ್ಷ ಬೇಕು. ಪಳಗಿದ ಮೇಲೂ ಪೆನ್ಸಿಲ್ ದಪ್ಪದ ಒಂದು ಬೊಸಾಲ್ ಕಡಿವಾಣದ ಅಡಿಯಲ್ಲಿ ಉಳಿದಿರುತ್ತದೆ. ಸವಾರ ಕೆಳಗಿಳಿದು ಕುದುರೆಯನ್ನು ನಡೆಸಿಕೊಂಡು ಹೋಗುವಾಗ ಬಾಯಿಯ ಲಗಾಮನ್ನು ಮುಟ್ಟುವುದಿಲ್ಲ, ಆ ಬೊಸಾಲಿಗೆ ಕಟ್ಟಿದ ಹಗ್ಗವನ್ನೇ ಹಿಡಿಯುತ್ತಾನೆ.