ಬೆಟ್ಟ ಇಳಿದರೆ ಇಪ್ಪತ್ತು ಗ್ರಾಂ ಜಾಸ್ತಿ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಆಯುವ ನೆಲ್ಲಿಕಾಯಿಗೆ, ಇಳಿಸುವ ಜೇನಿಗೆ ದುಡ್ಡು ಸಿಗುವುದು ತೂಕದ ಮೇಲೆ. ಒಂದು ಕ್ವಿಂಟಲ್ ನೆಲ್ಲಿಕಾಯಿಯನ್ನು ರಂಗನಾಥನ ಗುಡಿಯ ಹತ್ತಿರವೇ ತೂಗಿ, ಮೂಟೆ ಕಟ್ಟಿ, ತಿರುವಿನ ರಸ್ತೆಯಲ್ಲಿ ಇಳಿಸಿ ಯಳಂದೂರಿನಲ್ಲಿ ಇನ್ನೊಮ್ಮೆ ತೂಗಿದರು ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಒಂದು ಕಾಯಿಯೂ ಉದುರಿಲ್ಲ, ಒಂದೂ ಸೇರಿಲ್ಲ. ತೂಕ ಅಷ್ಟೇ ಇರಬೇಕಲ್ಲವೇ?

ಮೊದಲು ಕೇಳಬೇಕಾದ್ದು, ತೂಗಿದ್ದು ಯಾವುದರಲ್ಲಿ?

ಎರಡು ತಟ್ಟೆಯ ತಕ್ಕಡಿಯಾದರೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದು. ಒಂದು ಕಡೆ ಕಾಯಿ, ಇನ್ನೊಂದು ಕಡೆ ಕಬ್ಬಿಣದ ಬಟ್ಟು. ಭೂಮಿಯ ಎಳೆತ ಕಡಿಮೆಯಾದರೆ ಎರಡಕ್ಕೂ ಕಡಿಮೆ, ಹೆಚ್ಚಾದರೆ ಎರಡಕ್ಕೂ ಹೆಚ್ಚು. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಗೆ ಹೀಗೆ ಎದುರಾಳಿ ಇಲ್ಲ. ಭೂಮಿ ಎಷ್ಟು ಎಳೆಯಿತೋ ಸ್ಪ್ರಿಂಗ್ ಅಷ್ಟು ಹಿಗ್ಗುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಅದೇ ಜಾತಿಯದು. ಒಳಗಿನ ಲೋಹದ ತುಂಡು ಎಷ್ಟು ಬಾಗಿತು ಎಂಬುದನ್ನೇ ಅಂಕಿಯಾಗಿ ತೋರಿಸುತ್ತದೆ.

ಗುಡಿ ಇರುವುದು ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲೆ, ಯಳಂದೂರಿಗಿಂತ ಹೆಚ್ಚುಕಡಿಮೆ 800 ಮೀಟರ್ ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ಅಷ್ಟು ದೂರ ಸರಿದದ್ದಕ್ಕೆ ಎಳೆತ ತುಸು ಸಡಿಲವಾಗುತ್ತದೆ. ಕಾಲಡಿಯ ಬೆಟ್ಟದ ಬಂಡೆಗಳೂ ತಮ್ಮ ಪಾಲಿಗೆ ಎಳೆಯುವುದರಿಂದ ಕಳೆದದ್ದರಲ್ಲಿ ಸ್ವಲ್ಪ ವಾಪಸು ಬರುತ್ತದೆ. ಎಲ್ಲ ಕೂಡಿ ಕಳೆದರೆ, ಬೆಟ್ಟದ ಮೇಲೆ ಕ್ವಿಂಟಲ್ ತೋರಿಸಿದ ಸ್ಪ್ರಿಂಗ್ ತಕ್ಕಡಿ ಯಳಂದೂರಿನಲ್ಲಿ 20 ಗ್ರಾಂ ಆಸುಪಾಸು ಜಾಸ್ತಿ ತೋರಿಸಬೇಕು. ಬಿಸಿಲಿಗೆ ಎರಡು ದಿನ ಇಟ್ಟ ನೆಲ್ಲಿಕಾಯಿ ನೀರಾರಿ ಕಳೆದುಕೊಳ್ಳುವುದರ ಮುಂದೆ ಇದು ಲೆಕ್ಕಕ್ಕೇ ಇಲ್ಲ, ನಿಜ. ಆದರೆ ಒಣಗಿದ ಕಾಯಿಯಿಂದ ನೀರೆಂಬ ಪದಾರ್ಥವೇ ಹೊರಟುಹೋಗಿರುತ್ತದೆ. ಬೆಟ್ಟ ಇಳಿದ ಕಾಯಿಗೆ ಪದಾರ್ಥವೇನೂ ಸೇರಿಲ್ಲ. ಬದಲಾದದ್ದು ಎಳೆತ ಮಾತ್ರ.

ಆ ಪದಾರ್ಥದ ಮೊತ್ತಕ್ಕೆ ಶಾಲೆಯ ಪುಸ್ತಕದಲ್ಲಿ ದ್ರವ್ಯರಾಶಿ ಎಂಬ ಹೆಸರಿದೆ. ಅದರ ಅಳತೆ ಕಿಲೋಗ್ರಾಂ. ಅದರ ಮೇಲೆ ಬೀಳುವ ಎಳೆತ ತೂಕ. ಅದರ ಅಳತೆ ನ್ಯೂಟನ್. ನಮ್ಮ ನೆಲದಲ್ಲಿ ಒಂದು ಕಿಲೋ ಈರುಳ್ಳಿ ತೂಗುವುದು ಸುಮಾರು 9.8 ನ್ಯೂಟನ್. ಕೊಳ್ಳೇಗಾಲದ ಸಂತೆಯಲ್ಲಿ ಹತ್ತು ನ್ಯೂಟನ್ ಈರುಳ್ಳಿ ಕೇಳಿದವನ ಗತಿ ಏನಾದೀತೋ! ಸಂತೆಗೆ ಬೇಕಾದದ್ದು ದ್ರವ್ಯರಾಶಿಯೇ, ಕರೆಯುವುದು ಮಾತ್ರ ತೂಕ ಎಂದು. ಅಂಗಡಿಯವರಿಗೂ ಇದರಿಂದ ನಷ್ಟವಿಲ್ಲ, ಏಕೆಂದರೆ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಆಯಾ ಊರಿನಲ್ಲೇ ಪ್ರಮಾಣಿತ ಬಟ್ಟಿಟ್ಟು ಸರಿಮಾಡಿಕೊಂಡರೆ ಆ 20 ಗ್ರಾಂ ಅಲ್ಲಿಗೇ ಕರಗಿಹೋಗುತ್ತದೆ.

ದೂರ ಹೆಚ್ಚಿದಷ್ಟೂ ಆಟ ದೊಡ್ಡದು. ಸಮಭಾಜಕದಿಂದ ಉತ್ತರ ಧ್ರುವಕ್ಕೆ ಹೋದರೆ ಕ್ವಿಂಟಲ್‌ಗೆ ಅರ್ಧ ಕಿಲೋ ಏರುತ್ತದೆ. ಚಂದ್ರನ ಮೇಲೆ 60 ಕಿಲೋ ಆಸಾಮಿ ಸ್ಪ್ರಿಂಗ್ ತಕ್ಕಡಿಯಲ್ಲಿ 10 ಕಿಲೋ. ಹಂಪಿಯಲ್ಲಿರುವ ತುಲಾಭಾರದ ಕಲ್ಲುಕಂಬಗಳನ್ನು ಚಂದ್ರನಿಗೇ ಸಾಗಿಸಿದರೂ ಅರಸನಿಗೆ ಬಂಗಾರದಲ್ಲಿ ಉಳಿತಾಯವಾಗದು: ತುಲಾಭಾರವೂ ಎರಡು ತಟ್ಟೆಯ ತಕ್ಕಡಿಯೇ.

ತೂಗದೆಯೂ ದ್ರವ್ಯರಾಶಿಯ ಅನುಭವ ಪಡೆಯಬಹುದು. ಬೆಟ್ಟದಲ್ಲಿ ವೈಶಾಖದ ದೊಡ್ಡ ಜಾತ್ರೆಯ ತೇರಿನ ಭಾರವನ್ನು ಹೊತ್ತಿರುವುದು ನೆಲ. ಭಕ್ತರು ಅದನ್ನು ಎತ್ತುವುದಿಲ್ಲ, ಅಡ್ಡಕ್ಕೆ ಎಳೆಯುತ್ತಾರೆ ಅಷ್ಟೇ. ಆದರೂ ನೂರಾರು ಕೈ ಹಗ್ಗ ಹಿಡಿದರೂ ತೇರು ಮೊದಲಿಗೆ ಜಪ್ಪಯ್ಯ ಎನ್ನುವುದಿಲ್ಲ. ಗಾಲಿಯ ತಿಕ್ಕಾಟದ ಪಾಲು ಅದರಲ್ಲಿದೆ. ಆದರೆ ಉರುಳತೊಡಗಿದ ತೇರನ್ನು ನಿಲ್ಲಿಸಲೂ ಅಷ್ಟೇ ಪರದಾಟ, ಗಾಲಿಗೆ ಮರದ ತುಂಡು ಕೊಡಲೇಬೇಕು. ಹೊರಡಲೂ ಒಲ್ಲೆ, ನಿಲ್ಲಲೂ ಒಲ್ಲೆ ಎನ್ನುವ ಈ ಹಟವೇ ದ್ರವ್ಯರಾಶಿಯ ಗುಣ.

ಅಂತರಿಕ್ಷ ನಿಲ್ದಾಣದಲ್ಲಿ ಉಳಿಯುವುದು ಈ ಹಟವೊಂದೇ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಎಳೆತ ಇನ್ನೂ ಹತ್ತರಲ್ಲಿ ಒಂಬತ್ತು ಪಾಲು ಇರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೇ ಬೀಳುತ್ತಾ ಭೂಮಿಯನ್ನು ಸುತ್ತುವುದರಿಂದ ತಕ್ಕಡಿಯನ್ನು ಒತ್ತುವವರೇ ಇಲ್ಲ, ಅಂಕಿ ಸೊನ್ನೆ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆಯೊಡೆದದ್ದು ಇಂಥ ಸೊನ್ನೆ ತೂಕದಲ್ಲೇ. ಅಲ್ಲಿ ಗಗನಯಾತ್ರಿಗಳ ಮೈಯನ್ನು ಅಳೆಯಲು ಬೇರೆ ಉಪಕರಣವಿದೆ: ಸ್ಪ್ರಿಂಗೊಂದು ಗೊತ್ತಾದ ಬಲದಿಂದ ಅವರನ್ನು ಎಳೆಯುತ್ತದೆ, ಎಷ್ಟು ಬೇಗ ಸರಿದರು ಎಂಬುದರಿಂದ ಕಿಲೋ ಲೆಕ್ಕ ಸಿಗುತ್ತದೆ. ತೇರಿನ ಹಗ್ಗ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.