ಬಿಲ್ಲು ಬರೆಯುವ ಮುನ್ನ ಕಲ್ಲನ್ನು ಅರಿಯಿರಿ

ಮಣಿಸರ, ಉಂಗುರದ ಹರಳುಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಹಕೀಕ್ ಅಪರಿಚಿತವಲ್ಲ. ಖನಿಜಶಾಸ್ತ್ರದ ಪ್ರಕಾರ ಇದು ಕ್ಯಾಲ್ಸೆಡೊನಿ ವರ್ಗಕ್ಕೆ ಸೇರಿದ ಕಲ್ಲು. ಬೆಣಚುಕಲ್ಲಿನಂತೆ ಇದೂ ಸಿಲಿಕಾ; ಆದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ ಬೆಳಕು ಪೂರ್ತಿ ಹಾಯದೆ ಕಲ್ಲು ಅರೆಪಾರದರ್ಶಕವಾಗಿ, ಮೇಣದಂತಹ ಮಂದ ಕಾಂತಿಯಿಂದ ಕಾಣುತ್ತದೆ. ಪಟ್ಟೆಗಳಿದ್ದರೆ ಅಗೇಟ್, ಕೆಂಪಾಗಿದ್ದರೆ ಕಾರ್ನೀಲಿಯನ್, ನಿಕ್ಕಲ್ ಅಂಶದಿಂದ ಹಸಿರಾಗಿದ್ದರೆ ಕ್ರಿಸೊಪ್ರೇಸ್ ಎಂದು ಹೆಸರು. ಗುಜರಾತಿನ ಖಂಬಾತ್ ಈ ಉದ್ಯಮದ ಪುರಾತನ ಕೇಂದ್ರ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿಯೂ ಇಂತಹ ಮಣಿಗಳು ದೊರೆತಿವೆ.

ಎಳೆಗಳ ನಡುವಿನ ಸೂಕ್ಷ್ಮ ರಂಧ್ರಗಳೇ ವ್ಯಾಪಾರದ ತೊಡಕಿಗೆ ಮೂಲ. ಅವು ಬಣ್ಣವನ್ನು ಹೀರಿಕೊಳ್ಳುತ್ತವೆ. ಸಕ್ಕರೆ ದ್ರಾವಣದಲ್ಲಿ ನೆನೆಸಿ, ಗಂಧಕಾಮ್ಲದಲ್ಲಿ ಕಾಯಿಸಿದರೆ ಬೂದುಕಲ್ಲು ಕಪ್ಪಾಗುತ್ತದೆ. ಮಾರುಕಟ್ಟೆಯ ಕರಿ ಓನಿಕ್ಸ್‌ನ ಬಹುಪಾಲು ಇಂತಹುದೇ. ಕಾರ್ನೀಲಿಯನ್‌ಗೆ ಶಾಖ ಕೊಟ್ಟು, ಅದರಲ್ಲಿಯೇ ಇರುವ ಕಬ್ಬಿಣದ ಅಂಶವನ್ನು ಕೆಂಪಾಗಿಸುವುದು ಖಂಬಾತಿನ ಹಳೆಯ ಪದ್ಧತಿ. ಇದಕ್ಕೆ ವ್ಯಾಪಾರದಲ್ಲಿ ಆಕ್ಷೇಪವಿಲ್ಲ. ಆದರೆ ಹೊರಗಿನಿಂದ ಬಣ್ಣ ಹಾಕಿದ ಕಲ್ಲನ್ನು ನೈಸರ್ಗಿಕ ಬಣ್ಣದ್ದೆಂದು ಮಾರುವುದು ಬೇರೆ ಮಾತು. ಸರಕು ಹಿಂದಿರುಗುವುದೂ, ಹಳೆಯ ಗಿರಾಕಿ ದೂರವಾಗುವುದೂ ಇಲ್ಲಿಯೇ.

ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಮೊದಲು ಮಣಿಯ ರಂಧ್ರವನ್ನು ನೋಡಬೇಕು. ಬಣ್ಣ ಬಿರುಕುಗಳಲ್ಲಿಯೂ ರಂಧ್ರದ ಸುತ್ತಲೂ ಗಾಢವಾಗಿದ್ದರೆ ಸಂಶಯಪಡಬೇಕು. ಅಸಿಟೋನ್ ಹಚ್ಚಿದ ಹತ್ತಿಗೆ ಬಣ್ಣ ಅಂಟಿದರೆ ಸಂಶಯ ದೃಢಪಡುತ್ತದೆ. ಅಂಟದಿದ್ದ ಮಾತ್ರಕ್ಕೆ ಬಣ್ಣ ನೈಸರ್ಗಿಕವೆನ್ನಲಾಗದು, ಲೋಹಲವಣಗಳ ಬಣ್ಣ ಹಾಗೆ ಬಿಡುವುದಿಲ್ಲ.

ಗಾಜಿನಲ್ಲಿ ಗುಳ್ಳೆಗಳೂ ಸುರುಳಿಗೆರೆಗಳೂ ಕಾಣಬಹುದು. ರಂಧ್ರದ ಬಳಿ ಚಕ್ಕೆ ಎದ್ದಿದ್ದರೆ ಗಾಜಿನ ಮುರುಕು ಫಳಫಳಿಸುತ್ತದೆ, ಕ್ಯಾಲ್ಸೆಡೊನಿಯದು ಮಂದವಾಗಿರುತ್ತದೆ. ಮೋಹ್ಸ್ ಮಾಪಕದಲ್ಲಿ ಕಲ್ಲಿನ ಗಡಸುತನ 6.5ರಿಂದ 7, ಆದರೂ ಸಿದ್ಧಮಣಿಯನ್ನು ಗೀಚಿ ನೋಡುವುದು ಸರಕನ್ನು ಕೆಡಿಸಿದಂತೆ. (ಅರೆಯುವ ಘಟಕಗಳವರು ನೀರು ಹಾಯಿಸಿಯೇ ಅರೆಯಬೇಕು, ಈ ದೂಳಿನಿಂದ ಖಂಬಾತಿನ ಎಷ್ಟೋ ಕಾರ್ಮಿಕರು ಸಿಲಿಕೋಸಿಸ್‌ಗೆ ತುತ್ತಾಗಿದ್ದಾರೆ.)

ಗೀಚುವುದಕ್ಕಿಂತ ತಕ್ಕಡಿ ಮೇಲು. ದಾರದಿಂದ ಬಿಡಿಸಿದ ಕಲ್ಲು ಗಾಳಿಯಲ್ಲಿ 26 ಗ್ರಾಂ, ನೀರಿನಲ್ಲಿ ಮುಳುಗಿಸಿ ತೂಗಿದಾಗ 16 ಗ್ರಾಂ ಎಂದಿಟ್ಟುಕೊಳ್ಳಿ. ವ್ಯತ್ಯಾಸವಾದ 10ರಿಂದ 26ನ್ನು ಭಾಗಿಸಿದರೆ 2.6, ಕ್ಯಾಲ್ಸೆಡೊನಿಯ ಸಾಪೇಕ್ಷ ಸಾಂದ್ರತೆ ಇದರ ಆಸುಪಾಸಿನದು. ಕೆಲವು ಗಾಜುಗಳೂ ಇದೇ ಅಂಕಿಗೆ ಬರುವುದರಿಂದ ಪೋಲರಿಸ್ಕೋಪ್ ನೆರವು ಪಡೆಯುವುದು ಒಳಿತು. ಅದರಲ್ಲಿ ತಿರುಗಿಸಿದಾಗ ಕ್ಯಾಲ್ಸೆಡೊನಿ ಉದ್ದಕ್ಕೂ ಬೆಳಗಿಯೇ ಇರುತ್ತದೆ, ಗಾಜು ಸಾಮಾನ್ಯವಾಗಿ ಕಪ್ಪಾಗಿ ಉಳಿಯುತ್ತದೆ.

ದೊಡ್ಡ ಸರಕಾದರೆ ಬೇರೆ ಬೇರೆ ಸರಗಳಿಂದ ಮಣಿಗಳನ್ನು ಆರಿಸಿ ಪರೀಕ್ಷಿಸಿ, ‘ಬಣ್ಣ ಹಾಕಿದ ಅಗೇಟ್’ ಎಂದಿದ್ದರೆ ಹಾಗೆಯೇ ಬಿಲ್ಲಿನಲ್ಲಿ ನಮೂದಿಸತಕ್ಕದ್ದು.