ತೊಲೆಯ ಹೆಸರಿನ ಅಳತೆ, ಕೈಗೆ ಸಿಗುವ ಅಳತೆ



ಸುಗ್ಗಿ ಮುಗಿಸಿ ಕೊಟ್ಟಿಗೆಗೆ ಹೊಸ ಮಾಡು ಹಾಕಿಸಲು ಮೋಪು ಕೊಳ್ಳಬೇಕೆಂದಿದ್ದೀರಾ? ಹಾಗಿದ್ದರೆ ಹಣದ ಜೊತೆ ಒಂದು ಅಳತೆ ಟೇಪನ್ನೂ ಜೇಬಿನಲ್ಲಿಟ್ಟುಕೊಂಡು ಹೊರಡಿ. ಅಂಗಡಿಯಲ್ಲಿ “ನಾಲ್ಕು-ಮೂರರ ತೊಲೆ” ಅಂತಾರೆ. ಮನೆಗೆ ತಂದು ಅಳೆದರೆ ಮೂರೂಮುಕ್ಕಾಲು, ಎರಡೂಮುಕ್ಕಾಲು ಅಂಗುಲ. ಆ ಕಾಲಂಗುಲ ಎಲ್ಲಿ ಹೋಯಿತು?

ಎಲ್ಲ ಸಲವೂ ಇದು ಮೋಸವಲ್ಲ. ನಾಲ್ಕು-ಮೂರು ಎಂಬುದು ದಿಮ್ಮಿ ಕೊಯ್ಯುವಾಗಿನ ಅಳತೆ. ಗುರುತಿನ ಗೆರೆಯ ಮೇಲೆಯೇ ಗರಗಸ ಓಡಿದರೆ ಒಂದಿಷ್ಟು ಮರ ಪುಡಿಯಾಗಿ ಹೋಗುತ್ತೆ. ಹಸಿ ಮರ ಒಣಗುವಾಗ ಅಗಲವೂ ದಪ್ಪವೂ ಕುಗ್ಗುತ್ತವೆ. ಉದ್ದ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಸಾಗುವಾನಿ ಕಡಿಮೆ ಕುಗ್ಗುವ ಮರ, ಮತ್ತಿ ಅದಕ್ಕಿಂತ ಹೆಚ್ಚು. ಕೊನೆಗೆ ಹತ್ತರಿ ಹೊಡೆದು ನುಣುಪು ಮಾಡುವಾಗ ಮುಖವೊಂದಕ್ಕೆ ಅರೆಕಾಲು ಅಂಗುಲ ಹೋದರೂ ಎದುರುಬದುರಿನ ಎರಡು ಮುಖಕ್ಕೆ ಕಾಲಂಗುಲ ಆಯಿತಲ್ಲ! ಅಮೆರಿಕ ದೇಶದಲ್ಲಂತೂ “ಎರಡು-ನಾಲ್ಕು” ಎಂದು ಮಾರುವ ಒಣ ಮರ ನಿಜವಾಗಿ ಇರುವುದು ಒಂದೂವರೆ-ಮೂರೂವರೆ ಅಂಗುಲ. 1970ರಲ್ಲಿ ಅಲ್ಲಿ ಗೊತ್ತುಮಾಡಿದ ಅಳತೆಯೇ ಅದು. ನಮ್ಮಲ್ಲಿ ಬಾಯಿಮಾತೇ ಹೆಚ್ಚು, ಆದ್ದರಿಂದ ಎಚ್ಚರವೂ ಹೆಚ್ಚು ಬೇಕು.

ಲೆಕ್ಕ ನೋಡಿ. 4 ಅಂಗುಲ, 3 ಅಂಗುಲ, 12 ಅಡಿ ಉದ್ದದ ತೊಲೆ ಸರಿಯಾಗಿ 1 ಘನ ಅಡಿ. ಕಾಲಂಗುಲ ಸವೆದ ಇಪ್ಪತ್ತು ತೊಲೆ ಕೊಂಡರೆ 20 ಘನ ಅಡಿಗೆ ಹಣ ಕೊಟ್ಟು 17 ಘನ ಅಡಿ ಚಿಲ್ಲರೆ ಮರ ತಂದಂತಾಯಿತು.

ಹಣ ಹಾಗಿರಲಿ, ಬಲದ ಮಾತು ಅದಕ್ಕಿಂತ ದೊಡ್ಡದು. ತೊಲೆಯ ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಮತ್ತೆ ಅಗಲದಿಂದ ಗುಣಿಸಿ. ತುಂಬಿದ ತೊಲೆಗೆ 4×4×3, ಅಂದರೆ 48. ಸವೆದದ್ದಕ್ಕೆ 39 ಕೂಡ ಬರುವುದಿಲ್ಲ. ಭಾರ ಹೊರುವ ಶಕ್ತಿ ಐದರಲ್ಲಿ ಒಂದು ಪಾಲು ಇಳಿಯಿತು! ಮಳೆಗಾಲದಲ್ಲಿ ಹೆಂಚು ನೆನೆದು ಭಾರವಾದಾಗ ಮಾಡು ಬಾಗುವುದಕ್ಕೆ ಇದೂ ಒಂದು ಕಾರಣ.

ಅಷ್ಟಕ್ಕೂ ಕೊಟ್ಟಿಗೆಯ ತೊಲೆಗೆ ಹತ್ತರಿ ಯಾಕೆ? ದನಗಳು ತಲೆಯೆತ್ತಿ ನೋಡುತ್ತವೆಯೇ? ಒಣಗಿದ ಮರವನ್ನು ಕೊಯ್ದ ಹಾಗೆಯೇ ಏರಿಸಿ. ಬಾಗಿಲ ಚೌಕಟ್ಟಿಗೆ ನುಣುಪು ಬೇಕೇ ಬೇಕು. ಅದಕ್ಕೆ ನಾಲ್ಕೂಕಾಲು-ಮೂರೂಕಾಲು ಕೊಯ್ಸಿದರೆ ಹತ್ತರಿ ಹೊಡೆದ ಮೇಲೆ ನಾಲ್ಕು-ಮೂರು ಉಳಿಯುತ್ತೆ. ದರ ಕಟ್ಟುವುದು ಕೊಯ್ದ ಅಳತೆಗೋ, ಈಗಿರುವ ಅಳತೆಗೋ ಎಂದು ಮುಂಗಡ ಕೊಡುವ ಮೊದಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹತ್ತರಿ ಕಾಣದ ಒರಟು ತೊಲೆಯೇ ಕಾಲಂಗುಲ ಕಡಿಮೆ ಬಂದರೆ ಸಂಕೋಚಪಡದೆ ಕೇಳಿ. ಗಾಡಿಗೆ ಹೇರುವ ಮುಂಚೆ ಎರಡು ತುದಿ ಮತ್ತು ನಡು, ಹೀಗೆ ಮೂರು ಕಡೆ ಅಳೆಯಿರಿ. ಗರಗಸ ಓರೆ ಹೋಗಿದ್ದರೆ ತುದಿ ಸರಿಯಿದ್ದರೂ ನಡು ಸಣ್ಣಗಾಗಿರುತ್ತದೆ.